ಸಲಿಕೆ ಹಿಡಿಯದವರ ಬಾಯಿ

ನನ್ನ ಮೊಮ್ಮಗಳು ಮಾಡುವ ಕೆಲಸಕ್ಕೆ ಸಂಬಳವಿಲ್ಲ ಅಂದ ಕೂಡಲೇ ಜನ ಅದನ್ನು ಕೆಲಸವೇ ಅಲ್ಲ ಅನ್ನುತ್ತಾರೆ. ಹಾಗೆ ಅಂದವರಿಗೆ ನಮ್ಮ ಮನೆಯಲ್ಲಿ ಚಹಾ ಕೊಡುವುದನ್ನು ನಾನು ನಿಲ್ಲಿಸಿದ್ದೇನೆ. ನೀರು ಕೊಡುತ್ತೇನೆ. ಬಾಯಾರಿ ಬಂದವರಿಗೆ ನೀರಿಲ್ಲ ಅನ್ನುವ ಮನೆತನ ನಮ್ಮದಲ್ಲ. ಆದರೆ ಚಹಾ ಇಲ್ಲ. ಹೊಸಪೇಟೆಯ ಚಿತ್ತವಾಡ್ಗಿಯ ನಮ್ಮ ಓಣಿಯಲ್ಲಿ ಈಗ ಇದು ಎಲ್ಲರಿಗೂ ಗೊತ್ತು. ಚಹಾ ಬೇಕಾದವರು ಹೊಸ್ತಿಲಲ್ಲೇ ‘ಮೊಮ್ಮಗಳ ಕೆಲಸ ಹೆಂಗ ನಡದೈತ್ರೀ’ ಎಂದು ಕೇಳಿಕೊಂಡೇ ಒಳಗೆ ಬರುತ್ತಾರೆ.

ನಾನು ನಾಲ್ಕನೇ ಕ್ಲಾಸಿನವಳು. ಅದೂ ಪೂರ್ತಿ ಆಗಿಲ್ಲ, ಬಾಳೆಗೊನೆ ಕಡಿಯುವ ಹಂಗಾಮಿನಲ್ಲಿ ಬಿಡಿಸಿಕೊಂಡರು. ಹಾಗಾಗಿ ಇಲ್ಲಿ ಕಂಪ್ಯೂಟರಿನ ವಿಷಯದಲ್ಲಿ ಏನಾದರೂ ತಪ್ಪಿದ್ದರೆ ಅದು ನನ್ನದು, ಮೊಮ್ಮಗಳದಲ್ಲ. ಅವಳು ಹೇಳಿದ್ದು ಸರಿಯಾಗಿಯೇ ಇರುತ್ತದೆ. ನನ್ನ ಕಿವಿಗೆ ಬರುವಷ್ಟರಲ್ಲಿ ಸ್ವಲ್ಪ ಸೊಟ್ಟಗಾಗುತ್ತದೆ, ಅಷ್ಟೇ.

ಕಂಪ್ಯೂಟರು ಎದ್ದು ಕೂರಬೇಕಾದರೆ ಅದರೊಳಗೆ ಒಂದು ಆಪರೇಟಿಂಗ್ ಸಿಸ್ಟಂ ಇರಬೇಕಂತೆ. ದುಡ್ಡು ಕೊಟ್ಟು ತರುವಂಥದ್ದು ಇದೆ, ಪುಕ್ಕಟೆ ಸಿಗುವಂಥದ್ದೂ ಇದೆ. ಪುಕ್ಕಟೆಯದನ್ನು ದೇಶದೇಶದ ಜನ ಕೂಡಿ ಕಟ್ಟಿದ್ದಾರೆ. ಯಾರು ಬೇಕಾದರೂ ಬಿಚ್ಚಿ ಒಳಗೇನಿದೆ ಎಂದು ನೋಡಬಹುದು, ತಿದ್ದಬಹುದು, ಹಂಚಬಹುದು, ಮಾರಲೂಬಹುದು. ಅದರೊಳಗೆ ಸಾವಿರಾರು ಪ್ಯಾಕೇಜುಗಳಿವೆ. ಬರೆಯುವುದಕ್ಕೆ ಒಂದು, ಚಿತ್ರ ನೋಡುವುದಕ್ಕೆ ಒಂದು, ಹಾಡು ಕೇಳುವುದಕ್ಕೆ ಒಂದು. ಪ್ರತಿಯೊಂದಕ್ಕೂ ಅದನ್ನು ನೋಡಿಕೊಳ್ಳುವ ಒಬ್ಬರು ಇರಬೇಕು. ಒಂದು ಪ್ಯಾಕೇಜು ಇನ್ನೊಂದರ ಮೇಲೆ ನಿಂತಿರುತ್ತದೆ, ಕೆಳಗಿನದು ಬದಲಾದರೆ ಮೇಲಿನದು ಅಲುಗಾಡುತ್ತದೆ. ಆಗ ಅದನ್ನು ಹೊಸದಕ್ಕೆ ಹೊಂದಿಸಿ, ಕೆಟ್ಟದ್ದನ್ನು ತಿದ್ದಿ, ಮತ್ತೆ ಕಟ್ಟಿ ಕಳಿಸಬೇಕು. ನನ್ನ ಮೊಮ್ಮಗಳು ನೋಡಿಕೊಳ್ಳುವುದು ಕನ್ನಡ ಓದುವ ದನಿಯ ಪ್ಯಾಕೇಜನ್ನು. ಬರೆದದ್ದನ್ನು ಕೊಟ್ಟರೆ ಅದು ಬಾಯಿಬಿಟ್ಟು ಓದುತ್ತದೆ.

ಅವಳು ಅದಕ್ಕೆ ಕೈ ಹಾಕಿದ್ದು ತಾತನಿಗಾಗಿ. ನಮ್ಮ ಮನೆಯವರು ಸಂಡೂರಿನ ಮೈನ್ಸಿನಲ್ಲಿ ಲಾರಿ ಓಡಿಸುತ್ತಿದ್ದರು. ಕೆಂಪು ಧೂಳಿನಲ್ಲಿ ವಯಸ್ಸು ಕಳೆದು ಮನೆಗೆ ಬಂದು ಕೂತಮೇಲೆ ಅವರಿಗೆ ಒಂದೇ ಚಟ, ಪೇಪರು. ಬೆಳಿಗ್ಗೆ ಕಟ್ಟೆಯ ಮೇಲೆ ಕೂತು ಓಣಿಗೆಲ್ಲ ಕೇಳುವ ಹಾಗೆ ಓದುತ್ತಿದ್ದರು. ಓದುವುದಕ್ಕಿಂತ ಜಾಸ್ತಿ ಟೀಕೆ. ಡ್ಯಾಮಿಗೆ ಎಷ್ಟು ನೀರು ಬಂತು, ಬಾಳೆಗೆ ಏನು ರೇಟು, ಯಾವ ಮಂತ್ರಿ ಏನು ಸುಳ್ಳು ಹೇಳಿದ, ಎಲ್ಲಕ್ಕೂ ಅವರದೊಂದು ಮಾತು. ಕೆಲಸಕ್ಕೆ ಹೋಗುವವರು ಒಂದು ಗಳಿಗೆ ನಿಂತು ಕೇಳಿ, ನಕ್ಕು ಹೋಗುತ್ತಿದ್ದರು. ಸಕ್ಕರೆ ಕಾಯಿಲೆ ಅವರ ಕಣ್ಣು ತೆಗೆದುಕೊಂಡಿತು. ಪೇಪರು ನಿಂತಿತು, ಕಟ್ಟೆಯೂ ಖಾಲಿಯಾಯಿತು. ಆಗ ನಾನು ಓದಿ ಹೇಳಲು ಹೋದೆ. ಅಕ್ಷರ ಕೂಡಿಸಿ ಕೂಡಿಸಿ ಓದುತ್ತಿದ್ದೆ. ಒಂದು ಸಾಲು ಮುಗಿಯುವಷ್ಟರಲ್ಲಿ ಅವರು ನಿಟ್ಟುಸಿರು ಬಿಡುವರು. ನಿಟ್ಟುಸಿರು ಕೇಳಿದರೆ ನನಗೆ ಮೈಯೆಲ್ಲ ಉರಿಯುತ್ತದೆ. ಪೇಪರು ಮಡಚಿ ಅವರ ತೊಡೆಯ ಮೇಲೆ ಒಗೆದು ಏಳುತ್ತಿದ್ದೆ.

ಮೊಮ್ಮಗಳು ಅಂದರೆ ನನ್ನ ಮಗಳ ಮಗಳು. ಪಾಲಿಟೆಕ್ನಿಕ್ ಓದಿ ಹೊಸಪೇಟೆಯ ಒಂದು ಕಬ್ಬಿಣದ ಅಂಗಡಿಯಲ್ಲಿ ಬಿಲ್ಲು ಹಾಕುವ ಕೆಲಸ ಹಿಡಿದು ನಮ್ಮ ಜೊತೆಗೇ ಇದ್ದಾಳೆ. ಅವಳದೊಂದು ಹಳೆಯ ಲ್ಯಾಪ್‌ಟಾಪು. ದುಡ್ಡಿನ ಸಿಸ್ಟಂ ಹಾಕಿದರೆ ಅದು ಏದುಸಿರು ಬಿಡುತ್ತಿತ್ತಂತೆ, ಅದಕ್ಕೇ ಪುಕ್ಕಟೆಯದನ್ನು ಹಾಕಿಕೊಂಡಳು. ಅದರಲ್ಲಿ ಈ ಕನ್ನಡದ ದನಿ ಸಿಕ್ಕಿತು. ಒಂದು ಬೆಳಿಗ್ಗೆ ಕಟ್ಟೆಯ ಮೇಲೆ ಲ್ಯಾಪ್‌ಟಾಪು ಇಟ್ಟು ಆ ದಿನದ ಪೇಪರನ್ನು ನೆಟ್ಟಿನಲ್ಲಿ ತೆಗೆದು ಅದರಿಂದ ಓದಿಸಿದಳು. ನಮ್ಮ ಮನೆಯವರು ಮೊದಲು ಅಲುಗಾಡದೆ ಕೂತರು. ಆಮೇಲೆ ನೆಟ್ಟಗೆ ಕೂತರು. ಅರ್ಧ ಗಂಟೆಯ ಮೇಲೆ ಆ ದನಿಗೆ, “ಸಾಕ್ರೀ, ಒಂದ್ ಸ್ವಲ್ಪ ನಿಂದ್ರಿ, ಇದಕ್ಕ ನಂದೊಂದು ಮಾತೈತಿ” ಅಂದರು. ಅದಕ್ಕೆ ರೀ ಹಚ್ಚಿ ಮಾತಾಡಿದರು. ಇಷ್ಟು ವರ್ಷ ಸಂಸಾರ ಮಾಡಿದ ನನಗೆ ಒಂದು ದಿನ ರೀ ಅಂದವರಲ್ಲ. ಅದರ ಸಿಟ್ಟು ಇನ್ನೂ ಇದೆ ನನಗೆ. ಆದರೆ ಕಟ್ಟೆ ಮತ್ತೆ ತುಂಬಿತು.

ಸ್ವಲ್ಪ ಕಾಲಕ್ಕೆ ಆ ದನಿಯ ಪ್ಯಾಕೇಜು ಅನಾಥವಾಗಿದೆ ಎಂದು ಮೊಮ್ಮಗಳಿಗೆ ತಿಳಿಯಿತು. ಮೊದಲು ನೋಡಿಕೊಳ್ಳುತ್ತಿದ್ದವರು ಯಾರ ಪತ್ರಕ್ಕೂ ಉತ್ತರ ಕೊಡುತ್ತಿಲ್ಲ, ಯಾರಾದರೂ ವಹಿಸಿಕೊಳ್ಳಬೇಕು. ಇವಳು ವಹಿಸಿಕೊಂಡಳು. ನೋಡಿಕೊಳ್ಳುವವರ ಹೆಸರು ಇರುವ ಜಾಗದಲ್ಲಿ ಇವಳ ಹೆಸರು ಬಂದ ದಿನ ನನಗೆ ತೋರಿಸಿದಳು. ಇಂಗ್ಲಿಷಿನಲ್ಲಿತ್ತು. ಅವಳ ಹೆಸರಿನ ಇಂಗ್ಲಿಷ್ ಅಕ್ಷರ ನನಗೆ ಗುರುತು ಸಿಗುತ್ತದೆ, ಅವಳ ಶಾಲೆಯ ಚೀಲದ ಮೇಲೆ ಬರೆಸಿದ್ದು ನಾನೇ. ಪ್ರಪಂಚದ ಯಾವ ಮೂಲೆಯಲ್ಲಿ ಕೂತು ತೆಗೆದರೂ ಆ ಹೆಸರು ಕಾಣುತ್ತದಂತೆ. ನನ್ನ ಎದೆ ಹಿಗ್ಗಿ ಹಿಗ್ಗಿ ಕುಪ್ಪಸ ಬಿಗಿಯಾಯಿತು. ಶೇಂಗಾ ಹೋಳಿಗೆ ಮಾಡಿ ಓಣಿಗೆಲ್ಲ ಹಂಚಿದೆ. ತೆಗೆದುಕೊಂಡವರೆಲ್ಲ ಮದುವೆ ಗೊತ್ತಾಯಿತೇನು ಎಂದು ಕೇಳಿದರು. ಹೆಣ್ಣುಹುಡುಗಿಯ ಹೆಸರಿನಲ್ಲಿ ಹೋಳಿಗೆ ಬಂದರೆ ಇವರಿಗೆ ಅದೊಂದೇ ಹೊಳೆಯುವುದು. ಕೊಟ್ಟ ಹೋಳಿಗೆಯನ್ನು ವಾಪಸ್ಸು ಕಸಿದುಕೊಳ್ಳೋಣ ಅನ್ನಿಸಿತು ನನಗೆ.

ತೊಂದರೆ ಶುರುವಾದದ್ದು ಸಿಸ್ಟಂನ ಹೊಸ ಆವೃತ್ತಿಯ ತಯಾರಿ ನಡೆಯುವಾಗ. ಇವಳ ಪ್ಯಾಕೇಜು ಯಾವುದರ ಮೇಲೆ ನಿಂತಿತ್ತೋ ಅದು ಪೂರ್ತಿ ಬದಲಾಯಿತು. ಹೊಸದರ ಮೇಲೆ ನಿಲ್ಲಿಸಿದಾಗ ನಮ್ಮ ದನಿ ಒತ್ತಕ್ಷರ ನುಂಗತೊಡಗಿತು, ಹಲ್ಲು ಬಿದ್ದವರ ಹಾಗೆ. ಇಡೀ ಪೇಪರು ಗಂಜಿಯಾಯಿತು. ಒಂದು ಗೊತ್ತಾದ ದಿನದೊಳಗೆ ಸರಿ ಮಾಡಿ ಒಪ್ಪಿಸದಿದ್ದರೆ ಹೊಸ ಆವೃತ್ತಿಯಿಂದ ಕನ್ನಡದ ದನಿಯನ್ನೇ ತೆಗೆದುಹಾಕುತ್ತಾರೆ, ಅದು ಅಲ್ಲಿಯ ಕಟ್ಟಳೆ. ಇರುವುದು ಒಂದೇ ಲ್ಯಾಪ್‌ಟಾಪು. ಹಳೆಯದಕ್ಕೇ ಮರಳಿದರೆ ತಾತನಿಗೆ ಓದುತ್ತದೆ, ಆದರೆ ಹೊಸದನ್ನು ತಿದ್ದಲಾಗುವುದಿಲ್ಲ. ಮೊಮ್ಮಗಳು ತಾತನನ್ನೇ ಕೇಳಿದಳು. “ಹೊಸದನ್ನ ಮಾಡವ್ವ, ನಾ ಕಾಯ್ತೀನಿ” ಅಂದರು ಅವರು. ಕಾಯುತ್ತೇನೆ ಅಂದವರು ಕಟ್ಟೆಯ ಮೇಲೆ ಬರಿಗೈಲಿ ಕೂತರು. ನಾನು ಮತ್ತೆ ಪೇಪರು ಹಿಡಿದೆ, ಅವರು ಮತ್ತೆ ನಿಟ್ಟುಸಿರು ಬಿಟ್ಟರು.

ಅವಳು ಬೆಳಿಗ್ಗೆ ಅಂಗಡಿಗೆ ಹೋಗುವ ಮೊದಲು, ಬಂದಮೇಲೆ ಮುಖ ತೊಳೆದ ಕೂಡಲೇ ಕೂರುತ್ತಿದ್ದಳು. ಒಂದು ಕಡೆ ತಿದ್ದಿದರೆ ಇನ್ನೊಂದು ಕಡೆ ಕೆಡುತ್ತಿತ್ತು. ಕೊನೆಗೆ ಎಲ್ಲ ಸರಿಯಾಯಿತು ಅನ್ನಿಸಿದಾಗ ಮೇಲೆ ಕಳಿಸಿದಳು. ಅವಳೇ ನೇರವಾಗಿ ಒಳಗೆ ಹಾಕುವ ಅಧಿಕಾರ ಆಗ ಅವಳಿಗಿರಲಿಲ್ಲ. ಯಾವುದೋ ತಣ್ಣನೆಯ ದೇಶದ ಒಬ್ಬ ಹಿರಿಯ ಅದನ್ನು ಪರೀಕ್ಷೆ ಮಾಡಿ ಒಪ್ಪಬೇಕು. ಆ ಮನುಷ್ಯ ಒಪ್ಪಲಿಲ್ಲ. ಇಲ್ಲಿ ಒಂದು ಸಾಲು ಬಿಟ್ಟಿದ್ದೀರಿ, ಅಲ್ಲಿ ಒಂದು ಹೆಸರು ಬರೆದಿಲ್ಲ ಎಂದು ಮತ್ತೆ ಮತ್ತೆ ತಿರುಗಿಸಿದ. ಎಲ್ಲ ತಿದ್ದಿ ಕಳಿಸಿದಮೇಲೆ ಇನ್ನೊಂದು ತೆಗೆದ. ನನಗೆ ಕನ್ನಡ ಬರುವುದಿಲ್ಲ, ದನಿ ಸರಿಯಿದೆಯೋ ಇಲ್ಲವೋ ನಾನು ಹೇಗೆ ಹೇಳಲಿ, ನೀವೊಬ್ಬರೇ ಕೇಳಿದರೆ ಸಾಲದು, ಬೇರೆ ಕಿವಿಗಳು ಕೇಳಿ ಒಪ್ಪಿವೆಯೇ, ಎಂದು ಬರೆದ. ನಾನು ಅವನನ್ನು ಚೆನ್ನಾಗಿ ಬೈದೆ. ಮೊಮ್ಮಗಳು, ಅವನು ಹೇಳುವುದು ಸರಿ ಅಜ್ಜಿ, ಕೇಳಿ ಕೇಳಿ ನನ್ನ ಕಿವಿ ಸತ್ತುಹೋಗಿದೆ, ತಪ್ಪು ಸರಿ ಒಂದೇ ಆಗಿದೆ ಅಂದಳು. ಅವನಿಗೆ ಸಂಬಳ ಎಷ್ಟು ಎಂದು ಕೇಳಿದೆ. ಅವನಿಗೂ ಇಲ್ಲವಂತೆ. ಆಗ ಅವನ ಮೇಲಿನ ಸಿಟ್ಟನ್ನು ಅರ್ಧ ಇಳಿಸಿದೆ. ಅರ್ಧ ಇಟ್ಟುಕೊಂಡೆ.

ಅವಳು ಒತ್ತಕ್ಷರದ ಪದಗಳ ದೊಡ್ಡ ಸಾಲು ಮಾಡಿ, ದೂರು ಬರೆಯುವ ಜಾಗದಲ್ಲಿ ಹಾಕಿ, ದಯವಿಟ್ಟು ಯಾರಾದರೂ ಹೊಸ ದನಿಯಲ್ಲಿ ಇದನ್ನು ಕೇಳಿ, ಎಲ್ಲಿ ತಪ್ಪಿದೆ ಹೇಳಿ ಎಂದು ತನ್ನ ಊರು, ಫೋನ್ ನಂಬರು ಸಮೇತ ಬರೆದು ಬೇಡಿಕೊಂಡಳು. ಆ ಜಾಗದಲ್ಲಿ ಏನೇನು ಬರೆದಿದ್ದಾರೆ ಎಂದು ನಾನು ಓದಿಸಿ ಕೇಳಿದೆ. ಯಾವಾಗ ಸರಿಯಾಗುತ್ತದೆ ಎಂದು ಒಬ್ಬ. ಮಲಗಿದ್ದೀರಾ ಎಂದು ಇನ್ನೊಬ್ಬ. ಕೈಲಾಗದಿದ್ದರೆ ಯಾಕೆ ಹೆಸರು ಹಾಕಿಕೊಂಡಿರಿ ಎಂದು ಮತ್ತೊಬ್ಬ. ಹಿಂಗೆ ಉದ್ದಕ್ಕೆ ಬೈಗುಳ. ಕೇಳಿ ಹೇಳಿ ಎಂದು ಇವಳು ಹಾಕಿದ್ದರ ಕೆಳಗೆ ಒಂದೂ ಉತ್ತರವಿಲ್ಲ. ಬೈಯಲು ಬಾಯಿ ಇದೆ, ಕೇಳಲು ಕಿವಿ ಇಲ್ಲ. ಆ ಜನಕ್ಕೆ ನಾನು ಅಂದ ಮಾತುಗಳನ್ನು ಇಲ್ಲಿ ಬರೆಯಲು ಮೊಮ್ಮಗಳು ಬಿಡಲಿಲ್ಲ.

ಅಷ್ಟರಲ್ಲಿ ಫೋನುಗಳು ಶುರುವಾದವು. ಯಾರು ಯಾರೋ ಮುದುಕರು, ಮುದುಕಿಯರು. ನಮ್ಮ ಪೆಟ್ಟಿಗೆ ತೊದಲುತ್ತದೆ, ಯಾವಾಗ ಸರಿ ಮಾಡುತ್ತೀ ಎಂದು ಜಬರಿಸುವುದು. ಯಾವ ಪೆಟ್ಟಿಗೆ ಎಂದು ಇವಳಿಗೇ ಗೊತ್ತಿಲ್ಲ. ಅಂಗಡಿಯಲ್ಲಿ ಬಿಲ್ಲು ಹಾಕುವಾಗಲೂ ಫೋನು. ಮಾಲೀಕರು, ಇದೇ ನಡೆದರೆ ಬೇರೆಯವರನ್ನು ನೋಡಿಕೊಳ್ಳಬೇಕಾಗುತ್ತದೆ ಎಂದು ಮೆಲ್ಲಗೆ ಹೇಳಿದರಂತೆ. ಆ ಸಂಜೆ ಅವಳು ಲ್ಯಾಪ್‌ಟಾಪು ತೆರೆಯಲಿಲ್ಲ. ಅಡಿಗೆಮನೆಯಲ್ಲಿ ನನ್ನ ಪಕ್ಕ ಕೂತು ಬದನೆಕಾಯಿ ಹೆಚ್ಚುತ್ತ, “ಬಿಟ್ಟು ಬಿಡ್ತೀನಿ ಅಜ್ಜಿ. ಯಾರಿಗೂ ಬ್ಯಾಡಾಗೈತಿ” ಅಂದಳು.

ಹೊರಗೆ ನಮ್ಮ ಮನೆಯವರಿಗೆ ಅದು ಕೇಳಿಸಿತು. ಅವರು ತೊಡೆಯ ಮೇಲಿದ್ದ ಪೇಪರನ್ನು ಇನ್ನೊಂದು ಮಡಿಕೆ ಮಡಚಿದರು. ನಿಟ್ಟುಸಿರು ಬಿಟ್ಟಿದ್ದರೂ ನನಗೆ ಅಷ್ಟು ಉರಿಯುತ್ತಿರಲಿಲ್ಲ.

ಅವಳ ಫೋನು ಅಲ್ಲೇ ಇತ್ತು, ಮತ್ತೆ ಬಡಿದುಕೊಂಡಿತು. ನಾನೇ ಎತ್ತಿದೆ. ಕಂಪ್ಲಿಯ ಒಬ್ಬ ಹೆಣ್ಣುಮಗಳು, ನನ್ನ ವಯಸ್ಸಿನವಳೇ ಇರಬೇಕು. ನಾನು ಮೆತ್ತಗೆ ವಿಚಾರಿಸಿದೆ. ಬಸ್‌ಸ್ಟ್ಯಾಂಡಿನ ಹತ್ತಿರದ ಕರೆಂಟು ಸಾಮಾನಿನ ಅಂಗಡಿಯವನು ಒಂದು ಪೆಟ್ಟಿಗೆ ಮಾರುತ್ತಾನಂತೆ. ಗುಂಡಿ ಒತ್ತಿದರೆ ಆ ದಿನದ ಸುದ್ದಿಯನ್ನು ಓದಿ ಹೇಳುತ್ತದೆ. ಈಗ ತೊದಲುತ್ತಿದೆ ಎಂದು ಕೇಳಲು ಹೋದರೆ, ತಪ್ಪು ನನ್ನದಲ್ಲ, ಹೊಸಪೇಟೆಯ ಹುಡುಗಿಯದು ಎಂದು ಈ ನಂಬರು ಕೊಟ್ಟನಂತೆ. ಮೊಮ್ಮಗಳಿಗೆ ಹೇಳಿದೆ. ಅವಳು ಹುಡುಕಿ ನೋಡಿದಳು. ಕೈಲಾಗದಿದ್ದರೆ ಯಾಕೆ ಹೆಸರು ಹಾಕಿಕೊಂಡಿರಿ ಎಂದು ಬರೆದವನೂ ಅವನೇ. ಇನ್ನೂ ಪರೀಕ್ಷೆಯಲ್ಲಿರುವ ಹಸಿ ದನಿಯನ್ನು ಎತ್ತಿಕೊಂಡು ಪೆಟ್ಟಿಗೆಗೆ ತುಂಬಿ ಮಾರಿದ್ದಾನೆ. ಹಾಗೆ ಮಾರಬಹುದೇನು ಎಂದು ಕೇಳಿದೆ. ಮಾರಬಹುದು ಅಜ್ಜಿ, ಕಾಯಿದೆಯೇ ಹಂಗಿದೆ, ಅದು ಎಲ್ಲರದು ಅಂದಳು.

ಎಲ್ಲರದು ಅನ್ನುವುದು ನನಗೆ ಹೊಸ ಮಾತಲ್ಲ. ನನ್ನ ತವರು ಮಲಪನಗುಡಿ. ನಮ್ಮ ಬಾಳೆ, ಕಬ್ಬಿಗೆ ಬರುವುದು ಹಳೆಯ ಅರಸರ ಕಾಲದ ಕಾಲುವೆಯ ನೀರು. ಬೇಸಿಗೆಯಲ್ಲಿ ನೀರು ನಿಲ್ಲಿಸಿದಾಗ ಮನೆಗೊಬ್ಬರು ಸಲಿಕೆ ಪುಟ್ಟಿ ಹಿಡಿದು ಕಾಲುವೆಗೆ ಇಳಿದು ಹೂಳು ತೆಗೆಯಬೇಕು. ಬರದವರಿಗೆ ನೀರು ಕೊಡುವುದಿಲ್ಲ ಅಂತೇನಿಲ್ಲ. ನೀರು ಎಲ್ಲರದು, ಎಲ್ಲರ ಹೊಲಕ್ಕೂ ಹೋಗುತ್ತದೆ. ಆದರೆ ಸಲಿಕೆ ಹಿಡಿಯದವನು ಆ ವರ್ಷ ತೂಬಿನ ಹತ್ತಿರ ಬಂದು, ನೀರು ಕಡಿಮೆ ಬಂತು, ತಡ ಆಯಿತು ಎಂದು ಬಾಯಿ ತೆಗೆಯುವಂತಿಲ್ಲ. ತೆಗೆದರೆ ಯಾರೂ ಜಗಳಕ್ಕೆ ಹೋಗುವುದಿಲ್ಲ. ಯಾರಾದರೂ ಒಬ್ಬರು ಎದ್ದು ಒಂದು ಸಲಿಕೆ ತಂದು ಅವನ ಕಾಲ ಬಳಿ ಇಡುತ್ತಾರೆ. ಅಷ್ಟೇ. ಅವನು ಅದನ್ನು ಎತ್ತಿಕೊಂಡು ಹೋಗಿ ತನ್ನ ಪಾಲಿನ ಹೂಳು ತೆಗೆದು, ಸಲಿಕೆ ತೊಳೆದು ವಾಪಸ್ಸು ಕೊಡಬೇಕು. ಆಮೇಲೆ ಎಷ್ಟು ಬೇಕಾದರೂ ಮಾತಾಡಲಿ. ನಮ್ಮಪ್ಪ ಹಂಗೆ ಇಟ್ಟದ್ದನ್ನು ನಾನು ಕಂಡಿದ್ದೇನೆ.

ಮರುದಿನ ಮೊಮ್ಮಗಳು ಅಂಗಡಿಗೆ ಹೋದಮೇಲೆ ಹಿತ್ತಲಿನಲ್ಲಿದ್ದ ಸಲಿಕೆಯನ್ನು ತೊಳೆದು ಒರೆಸಿ, ನಮ್ಮ ಮನೆಯವರಿಗೆ ಮಧ್ಯಾಹ್ನದ ಊಟ ಮುಚ್ಚಿಟ್ಟು ಹೊರಟೆ. ಎಲ್ಲಿಗೆ ಎಂದು ಕೇಳಿದರು. ಕಂಪ್ಲಿಗೆ ಅಂದೆ. ಸಲಿಕೆ ಕಲ್ಲಿಗೆ ತಾಗಿದ ಸಪ್ಪಳ ಅವರ ಕಿವಿಗೆ ಬಿತ್ತು. “ಯಾರ ಕಾಲ ಹತ್ರ ಇಡಾಕ ಹೊಂಟಿ?” ಅಂದರು. ಹೇಳಿದೆ. ಬ್ಯಾಡ ಅನ್ನಲಿಲ್ಲ. ಬಿಸಿಲಿದೆ, ಸೆರಗು ಹೊದ್ದುಕೋ ಅಂದರು.

ಬಸ್ಸಿನ ಕಂಡಕ್ಟರನಿಗೆ ಸಲಿಕೆ ನೋಡಿ ನಗು. ಕೂಲಿಗೇನು ಅಜ್ಜಿ, ಈ ವಯಸ್ಸಿನಾಗ ಅಂದ. ಕೂಲಿಗಲ್ಲ, ಒಬ್ಬರಿಗೆ ಕೊಡಬೇಕು ಅಂದೆ. ನನ್ನ ಮುಖ ನೋಡಿ ಟಿಕೇಟು ಕೊಟ್ಟು ಮುಂದೆ ಹೋದ. ಕಮಲಾಪುರದಲ್ಲಿ ಹಂಪಿ ನೋಡಿಕೊಂಡು ಬಂದ ಪ್ರವಾಸಿಗಳು ಹತ್ತಿದರು. ಫೋನಿನಲ್ಲಿ ತೆಗೆದ ಕಲ್ಲಿನ ಗುಡಿಗಳ ಫೋಟೋ ಒಬ್ಬರಿಗೊಬ್ಬರು ತೋರಿಸಿಕೊಂಡು, ಯಾವ ಅರಸ ಕಟ್ಟಿಸಿದ, ಎಷ್ಟು ವರ್ಷವಾಯಿತು ಎಂದು ಮಾತು. ಕಿಟಕಿಯ ಆಚೆಗೆ ಅದೇ ಅರಸರ ಕಾಲುವೆ ಬಾಳೆತೋಟದ ನಡುವೆ ಹರಿಯುತ್ತಿತ್ತು. ಒಬ್ಬರೂ ಕತ್ತು ತಿರುಗಿಸಲಿಲ್ಲ. ಕಟ್ಟಿದವನ ಹೆಸರು ಎಲ್ಲರಿಗೂ ಬೇಕು. ಇಷ್ಟು ತಲೆಮಾರು ಹೂಳು ತೆಗೆದವರ ಹೆಸರು ಯಾವ ಕಲ್ಲಿನ ಮೇಲಿದೆ? ಗುಡಿ ಕಟ್ಟಿ ಬಿಟ್ಟರೂ ನಿಂತಿರುತ್ತದೆ. ಕಾಲುವೆ ಕಟ್ಟಿ ಬಿಟ್ಟು ನೋಡಲಿ. ಆ ಪ್ರವಾಸಿಗಳು ಪಾಪ ನನಗೇನೂ ಮಾಡಿರಲಿಲ್ಲ, ಆದರೂ ಕಂಪ್ಲಿಯವರೆಗೂ ಅವರ ಮೇಲೆ ಸಿಟ್ಟು ಮಾಡಿಕೊಂಡೇ ಹೋದೆ. ದಾರಿಯಲ್ಲಿ ಸಿಟ್ಟು ಆರಬಾರದಲ್ಲ.

ಅಂಗಡಿ ಸಿಕ್ಕಿತು. ಫ್ಯಾನು, ಬಲ್ಬು, ವೈರು, ಪಕ್ಕದಲ್ಲೇ ಅಕ್ಕಿ ಅಂಗಡಿ. ಮಾಲೀಕ ನಲವತ್ತರ ಆಸುಪಾಸಿನವನು, ಹಣೆಗೆ ಅಚ್ಚುಕಟ್ಟಾಗಿ ವಿಭೂತಿ, ನೋಡಲು ಒಳ್ಳೆಯ ಮನೆಯವನ ಹಾಗೇ ಇದ್ದ. ಅದೂ ನನಗೆ ಸಿಟ್ಟು ತರಿಸಿತು. ಬರ್ರಿ ಅಮ್ಮಾರ, ಕುಂದ್ರಿ, ಏನು ಬೇಕು ಅಂದ. ಓದುವ ಪೆಟ್ಟಿಗೆ ಅಂದೆ. ತೆಗೆದು ಗುಂಡಿ ಒತ್ತಿದ. ನನ್ನ ಮೊಮ್ಮಗಳ ಪ್ಯಾಕೇಜಿನ ದನಿ ಕಂಪ್ಲಿಯ ಅಂಗಡಿಯಲ್ಲಿ ಮಾತಾಡಿತು. ಎಷ್ಟು ಸಿಟ್ಟಿದ್ದರೂ ನನ್ನ ಕೈಯ ಕೂದಲು ಎದ್ದುನಿಂತವು. ಎರಡು ಸಾಲಿಗೆ ಅದು ತೊದಲಿತು. ಅವನು ಪಟ್ಟನೆ ಆರಿಸಿ, ಸ್ವಲ್ಪ ದಿನ ತಡೀರಿ, ಹೊಸಪೇಟೆಯಲ್ಲಿ ಒಬ್ಬ ಹುಡುಗಿ ಇದ್ದಾಳೆ, ಅವಳದು ಬರೀ ಆಲಸ್ಯ, ಬೈದು ಬೈದು ಮಾಡಿಸುತ್ತಿದ್ದೇನೆ ಅಂದ.

ನಾನು ಎದ್ದು ಸಲಿಕೆಯನ್ನು ಅವನ ಕಾಲ ಬಳಿ ಇಟ್ಟೆ.

ಅವನು ಸಲಿಕೆ ನೋಡಿದ, ನನ್ನನ್ನು ನೋಡಿದ. ಕಂಪ್ಲಿಯ ಗದ್ದೆಗಳೂ ಕಾಲುವೆಯವೇ. ಅವನ ಮುಖ ನೋಡಿದರೆ ಅರ್ಥವಾಗಿದೆ ಎಂದು ತಿಳಿಯಿತು, ಯಾಕೆ ಎಂದು ಮಾತ್ರ ಅವನಿಗೆ ತಿಳಿದಿರಲಿಲ್ಲ.

“ಯಾವ ಕಾಲುವಿದ್ರೀ ಇದು?” ಅಂದ.

“ನಿನ್ನ ಪೆಟ್ಟಿಗ್ಯಾಗ ಹರಿತೈತಲ್ಲ, ಆ ಕಾಲುವಿದು. ನೀ ಆಲಸ್ಯ ಅಂದ ಹುಡುಗಿ ನನ್ನ ಮೊಮ್ಮಗಳು.”

ಅಕ್ಕಿ ಅಂಗಡಿಯವನು ಈ ಕಡೆ ಬಗ್ಗಿ ನೋಡಿದ. ಇವನಿಗೆ ಮುಖ ಕೆಂಪಾಯಿತು. ನಾನೇನು ಕದ್ದಿಲ್ಲ, ಪುಕ್ಕಟೆ ಇದೆ, ಮಾರಬಹುದು ಎಂದು ಅವರೇ ಬರೆದಿದ್ದಾರೆ ಎಂದು ವಾದ ಶುರು ಮಾಡಿದ. ಅದು ನನಗೂ ಗೊತ್ತು, ಮಾರು, ನಾಲ್ಕು ಜನ ಮುದುಕರು ಸುದ್ದಿ ಕೇಳಲಿ ಅಂದೆ. ಮತ್ತೆ ಸಿಟ್ಟು ಯಾಕೆ ಅಂದ.

“ನೀರು ತಗೊ, ಯಾರು ಬ್ಯಾಡಂದಾರ? ಸಲಿಕಿ ಹಿಡೀದ ತೂಬಿನ ಹತ್ರ ನಿಂತು ಬಾಯಿ ತಗೀಬ್ಯಾಡ. ಇನ್ನೊಬ್ರ ಬಾಯೀನೂ ಅಕಿ ಮ್ಯಾಲ ಬಿಡಬ್ಯಾಡ.”

ಕಂಪ್ಯೂಟರಿನ ಒಳಗಿನದು ನನಗೇನು ತಿಳಿಯುತ್ತದೆ, ನಾನು ಏನು ಮಾಡಲಿ ಅಂದ. ಬೇಕಾಗಿರುವುದು ಕಿವಿ ಎಂದು ಹೇಳಿದೆ. ಒತ್ತಕ್ಷರದ ಪದಗಳ ಸಾಲಿದೆ, ಹೊಸ ದನಿಯಲ್ಲಿ ಕೇಳಬೇಕು, ತಪ್ಪಿದ್ದಲ್ಲಿ ತಪ್ಪು ಅನ್ನಬೇಕು. ನಿನ್ನ ಹತ್ತಿರ ಪೆಟ್ಟಿಗೆ ಕೊಂಡವರಿಗೆ ಕಿವಿಯೊಂದೇ ಆಸ್ತಿ, ಅವರನ್ನು ಕೂರಿಸು ಅಂದೆ. ಅವನು ಚಹಾ ತರಿಸಲೇ ಎಂದು ಕೇಳಿದ. ಬ್ಯಾಡ ಅಂದು, ಸಲಿಕೆ ಅಲ್ಲೇ ಬಿಟ್ಟು ಬಂದೆ.

ಸಂಜೆ ಮೊಮ್ಮಗಳಿಗೆ ಗೊತ್ತಾಯಿತು. ಶಹಬ್ಬಾಸ್ ಅನ್ನುತ್ತಾಳೆ ಎಂದು ನಾನು ಕಾಯುತ್ತಿದ್ದೆ. ಅವಳು ನನ್ನ ಮೇಲೇ ಸಿಟ್ಟಾದಳು. ಅಲ್ಲಿ ಯಾರ ಮನೆಗೂ ಹೋಗಿ ಹಿಂಗೆ ನಿಲ್ಲುವ ಪದ್ಧತಿಯಿಲ್ಲ, ಎಲ್ಲ ಬರೆದೇ ಮಾತಾಡುವುದು, ಎಲ್ಲರ ಜೊತೆ ಸೌಜನ್ಯದಿಂದ ಇರಬೇಕು ಎಂದು ಕಟ್ಟಳೆಯಿದೆ ಅಂದಳು. ಆ ಕಟ್ಟಳೆ ಅವನಿಗಿಲ್ಲವೇ ಎಂದು ಕೇಳಿದೆ. ಅವನಿಗೂ ಇದೆ ಅಂದಳು. ಅದನ್ನು ಅವನಿಗೆ ಹೇಳಿದವರು ಯಾರು, ನಾನೇ ತಾನೇ ಅಂದೆ. ಅವಳು ಮಾತು ಬಿಟ್ಟಳು. ಮನೆಯಲ್ಲಿ ಮೂವರು, ಮೂವರೂ ಮೂರು ದಿಕ್ಕಿಗೆ ಮುಖ. ತಾತ ಮಾತ್ರ ಗೋಡೆಯ ಕಡೆ ತಿರುಗಿ ನಗುತ್ತಿದ್ದದ್ದು ನನಗೆ ಗೊತ್ತು.

ಒಂದೆರಡು ದಿನ ಏನೂ ಆಗಲಿಲ್ಲ. ಆದರೆ ಫೋನುಗಳು ನಿಂತವು. ಕೊನೆಯ ದಿನ ಹತ್ತಿರ ಬರುತ್ತಿತ್ತು. ಆಮೇಲೆ ಒಂದು ಬೆಳಿಗ್ಗೆ ದೂರಿನ ಜಾಗದಲ್ಲಿ ಕಂಪ್ಲಿಯಿಂದ ಒಂದು ಉತ್ತರ ಬಂತು. ಬೈಗುಳವಲ್ಲ. ಇಂತಿಂಥ ಪದದಲ್ಲಿ ಒತ್ತು ಸರಿ ಇದೆ, ಇಂತಿಂಥದರಲ್ಲಿ ಇಲ್ಲ ಎಂದು ಸಾಲಾಗಿ ಬರೆದಿತ್ತು. ಮೊಮ್ಮಗಳು ಓದುತ್ತ ಓದುತ್ತ ಎದ್ದುನಿಂತಳು. ಅವಳ ಸತ್ತ ಕಿವಿಗೆ ಕೇಳಿಸದ ತಪ್ಪುಗಳೆಲ್ಲ ಅದರಲ್ಲಿದ್ದವು. ಅಂಗಡಿಗೆ ರಜೆ ಹಾಕಿ ಕೂತಳು. ತಿದ್ದಿ ಕಳಿಸಿದರೆ ಅಲ್ಲಿಂದ ಮತ್ತೆ ಉತ್ತರ. ಕಂಪ್ಲಿಯವನು ಅಕ್ಕಿ ಅಂಗಡಿಯ ಮೂಟೆಗಳ ಮೇಲೆ ತನ್ನ ಗಿರಾಕಿಗಳನ್ನು ಕೂರಿಸಿ ಕೇಳಿಸುತ್ತಿದ್ದಾನೆ ಎಂದು ತಿಳಿಯಿತು. ಒಬ್ಬ ಮುದುಕಿ, ಬೆಳ್ಳುಳ್ಳಿ ಅನ್ನುವುದು ತಪ್ಪು, ಬಳ್ಳೊಳ್ಳಿ ಅನ್ನಬೇಕು ಎಂದು ಹಟ ಹಿಡಿದು, ಅದು ಬರೆದ ಹಾಗೆ ಓದುತ್ತದೆ ಎಂದು ಎಷ್ಟು ಹೇಳಿದರೂ ಕೇಳದೆ, ತಪ್ಪು ಎಂದೇ ಬರೆಸಿದಳಂತೆ. ಆ ಮುದುಕಿಯನ್ನು ನಾನು ನೋಡಿಲ್ಲ, ಆದರೆ ನನ್ನ ಅಕ್ಕನೋ ತಂಗಿಯೋ ಇರಬೇಕು.

ತಣ್ಣನೆಯ ದೇಶದ ಹಿರಿಯ ಅದೆಲ್ಲವನ್ನೂ ನೋಡಿದ. ಕೊನೆಯ ದಿನಕ್ಕೆ ಮುಂಚೆಯೇ ಒಪ್ಪಿದ. ಒಪ್ಪಿ ಒಂದು ಸಾಲು ಬರೆದಿದ್ದ. ಇಷ್ಟು ಕಿವಿಗಳು ಕೇಳಿದ ದನಿಯನ್ನು ನಾನು ಈವರೆಗೆ ಪರೀಕ್ಷೆ ಮಾಡಿರಲಿಲ್ಲ, ಇನ್ನು ಮುಂದೆ ಈ ಪ್ಯಾಕೇಜನ್ನು ನೀವೇ ನೇರವಾಗಿ ಹಾಕಿರಿ, ನನ್ನ ಒಪ್ಪಿಗೆ ಬೇಕಿಲ್ಲ ಎಂದು. ಮೊಮ್ಮಗಳು ಅದನ್ನು ಕನ್ನಡ ಮಾಡಿ ಹೇಳುವಾಗ ಅವಳ ದನಿಯೇ ಒತ್ತಕ್ಷರ ನುಂಗುತ್ತಿತ್ತು. ನನ್ನ ಕೊರಳಿಗೆ ಬಿದ್ದು ಅತ್ತಳು. ಖುಷಿಗೆ ನನಗೆ ಅಳು ಬರುವುದಿಲ್ಲ. ಈ ಮಾತನ್ನು ಆ ಮನುಷ್ಯ ಮೊದಲೇ ಅಂದಿದ್ದರೆ ಅವನ ಗಂಟೇನು ಹೋಗುತ್ತಿತ್ತು ಎಂದು ಉಳಿದ ಅರ್ಧ ಸಿಟ್ಟನ್ನೂ ತೀರಿಸಿಕೊಂಡೆ.

ಆ ಭಾನುವಾರ ಕಂಪ್ಲಿಯವನು ನಮ್ಮ ಮನೆಗೆ ಬಂದ. ಸ್ಕೂಟರಿಗೆ ಸಲಿಕೆ ಕಟ್ಟಿಕೊಂಡು ಬಂದಿದ್ದ. ತೊಳೆದಿದ್ದ, ಹಿಡಿಗೆ ಎಣ್ಣೆಯನ್ನೂ ಸವರಿದ್ದ. ಸಲಿಕೆಯನ್ನು ಗೋಡೆಗೆ ಆನಿಸಿ ನಿಂತು, “ಇನ್ನ ಬಾಯಿ ತಗೀಬಹುದೇನ್ರೀ ಅಮ್ಮಾರ?” ಅಂದ.

ತಗಿ ಅಂದೆ. ಅವನು ಮೊಮ್ಮಗಳ ಕಡೆ ತಿರುಗಿ, ನಾನು ಬರೆದದ್ದು ತಪ್ಪಾಯಿತು, ಅಲ್ಲಿಯೂ ಹಂಗೇ ಬರೆದಿದ್ದೇನೆ ಅಂದ. ಅವಳು ತಲೆ ತಗ್ಗಿಸಿ ಆಗಲಿ ಬಿಡ್ರಿ ಅಂದಳು. ಅಷ್ಟು ಜಲ್ದಿ ಬಿಡಬಾರದಿತ್ತು, ಹುಡುಗಿಗೆ ಸಿಟ್ಟು ಹಿಡಿದಿಡಲು ಬರುವುದಿಲ್ಲ. ಅದನ್ನು ನಾನು ಕಲಿಸಬೇಕು. ಆಮೇಲೆ ಒಳಗೆ ಹೋಗಿ ಚಹಾಕ್ಕೆ ಇಟ್ಟೆ.

ಕಟ್ಟೆಯ ಮೇಲೆ ಪೇಪರು ಶುರುವಾಯಿತು. ಒತ್ತಕ್ಷರ ಒಂದೊಂದೂ ಕಲ್ಲಿಗೆ ಉಳಿ ಬಿದ್ದ ಹಾಗೆ. ಓಣಿಯವರು ನಿಂತರು. ನಮ್ಮ ಮನೆಯವರು ಕೈ ಎತ್ತಿ, ಸಾಕ್ರೀ, ಒಂದ್ ಸ್ವಲ್ಪ ನಿಂದ್ರಿ ಅಂದರು. ಡ್ಯಾಮಿನ ನೀರಿನ ಬಗ್ಗೆ ಮಾತು ಬರುತ್ತದೆ ಎಂದು ನಾವೆಲ್ಲ ಕಾದೆವು. ಅವರು, ಹೊಸ ದನಿ ಸ್ವಲ್ಪ ಅವಸರ ಮಾಡುತ್ತದೆ, ಮೊದಲಿನದೇ ಸಾವಕಾಶ ಇತ್ತು ಅಂದರು.

ನಾನು ಚಹಾದ ಲೋಟ ಅವರ ಮುಂದೆ ಕುಕ್ಕಿ, ಗೋಡೆಗಿದ್ದ ಸಲಿಕೆ ತಂದು ಅವರ ಕಾಲ ಬಳಿ ಇಟ್ಟೆ. ಸಪ್ಪಳಕ್ಕೇ ಅವರಿಗೆ ತಿಳಿಯಿತು. ಓಣಿಗೆ ಓಣಿಯೇ ನಕ್ಕಿತು. ಅಂದಿನಿಂದ ಪದಗಳ ಸಾಲನ್ನು ಮೊದಲು ಕೇಳುವ ಕೆಲಸ ಅವರದು. ನಿಟ್ಟುಸಿರು ಬಿಡದೆ ಮಾಡುತ್ತಾರೆ.

ಸಲಿಕೆ ಈಗ ಹಿತ್ತಲಿನಲ್ಲಿಲ್ಲ, ಬಾಗಿಲ ಹಿಂದೆಯೇ ಇದೆ. ಮೊನ್ನೆ ಮೊಮ್ಮಗಳು ಲ್ಯಾಪ್‌ಟಾಪು ನೋಡುತ್ತ ಹಣೆ ಗಂಟು ಹಾಕಿದಳು. ಕೆಳಗಿನದು ಮತ್ತೆ ಬದಲಾಗಿದೆಯಂತೆ, ದನಿ ಈಗ ಅಂಕಿಗಳನ್ನು ತಪ್ಪು ಓದುತ್ತಿದೆ, ಎಲ್ಲ ಮೊದಲಿಂದ ಮಾಡಬೇಕು. ಈಗ ತಾನೇ ಮಾಡಿದ್ದಲ್ಲವೇ ಎಂದು ನನಗೆ ತಲೆಗೇರಿತು. ಪ್ರತಿ ಬೇಸಿಗೆ ಕಾಲುವೆಯಲ್ಲಿ ನಿಂತ ನಮ್ಮಪ್ಪನಿಗೂ ಹೀಗೇ ತಲೆಗೇರುತ್ತಿತ್ತು, ಗೊಣಗಿಕೊಂಡೇ ಇಳಿಯುತ್ತಿದ್ದ. ನಾನು ಬೈಯುವುದಕ್ಕೆ ಯಾರು ಸಿಕ್ಕಾರು ಎಂದು ನೋಡುವಷ್ಟರಲ್ಲಿ ಫೋನು ಬಡಿದುಕೊಂಡಿತು. ನಾನೇ ಎತ್ತಿದೆ. ಕಂಪ್ಲಿಯವನು. ಅವನಿಗೂ ಸುದ್ದಿ ಮುಟ್ಟಿತ್ತು.

“ಅಮ್ಮಾರ, ಅಂಕಿ ತಪ್ಪಾಕತ್ತೈತಿ. ಸಲಿಕಿ ನೀವು ತರ್ತೀರೋ, ನಾನಾ ಬಂದು ಒಯ್ಲೋ?”